ನೋವಿಲ್ಲದ ದಿನ ಆಸ್ಪತ್ರೆಗೆ

ವಿಜ್ಞಾನದ ಚರಿತ್ರೆಯೆಂದರೆ ಪ್ರಯೋಗಶಾಲೆಯ ಗೆಲುವುಗಳ ಪಟ್ಟಿ ಎಂದೇ ಬಿ.ಎಸ್ಸಿ. ಓದುವಾಗ ನಾನು ತಿಳಿದಿದ್ದೆ. ಕಂಡುಹಿಡಿದ ಪರೀಕ್ಷೆಗೆ ಜನ ಬರುವಂತೆ ಮಾಡುವುದೂ ಅದೇ ಚರಿತ್ರೆಯ ಭಾಗವೆಂದು ಅರ್ಥವಾದದ್ದು ಬಹಳ ತಡವಾಗಿ. ಯಕೃತ್ತಿನ ಕ್ಯಾನ್ಸರಿನ ಕಥೆ ಇದಕ್ಕೆ ನಿದರ್ಶನ.

ಯಕೃತ್ತು, ಅಂದರೆ ಪಿತ್ತಜನಕಾಂಗ, ಬಹಳ ಸಹನೆಯ ಅಂಗ. ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ಮೊದಮೊದಲು ನೋವು ಇರುವುದಿಲ್ಲ. ನೋವೋ ಕಾಮಾಲೆಯೋ ಕಾಣಿಸಿಕೊಳ್ಳುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಸಾಮಾನ್ಯವಾಗಿ ಮೀರಿರುತ್ತದೆ. ಹೆಪಟೈಟಿಸ್ 'ಬಿ' ವೈರಸ್ಸು ದೇಹದಲ್ಲಿ ಬಹುಕಾಲ ಉಳಿದವರಿಗೆ, ಯಕೃತ್ತು ಗಟ್ಟಿಯಾಗಿ ಕುಗ್ಗುವ ಸಿರೋಸಿಸ್ ರೋಗಿಗಳಿಗೆ ಈ ಅಪಾಯ ಹೆಚ್ಚು.

1963ರಲ್ಲಿ ಸೋವಿಯತ್ ವಿಜ್ಞಾನಿ ಗ್ಯಾರಿ ಅಬೆಲೆವ್ ಒಂದು ವಿಚಿತ್ರವನ್ನು ಗಮನಿಸಿದರು. ಆಲ್ಫಾ ಫೀಟೋಪ್ರೋಟೀನ್ ಗರ್ಭದಲ್ಲಿರುವ ಮರಿಯ ಪ್ರೋಟೀನು. ಹುಟ್ಟಿದ ಮೇಲೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಯಕೃತ್ತಿನಲ್ಲಿ ಗಡ್ಡೆಯಿದ್ದ ಇಲಿಗಳ ರಕ್ತದಲ್ಲಿ ಅದು ಮತ್ತೆ ಕಾಣಿಸಿಕೊಂಡಿತ್ತು! ಮರುವರ್ಷ ಯೂರಿ ತತಾರಿನೋವ್ ಇದನ್ನೇ ರೋಗಿಗಳ ರಕ್ತದಲ್ಲಿ ಕಂಡರು. ಮುಂದೆ ಅಲ್ಟ್ರಾಸೌಂಡ್ ಸ್ಕ್ಯಾನ್ ಬಂದಿತು. ಗಡ್ಡೆ ಬೆಳೆಯುವ ವೇಗವನ್ನು ಲೆಕ್ಕಹಾಕಿ ಆರು ತಿಂಗಳಿಗೊಮ್ಮೆ ಪರೀಕ್ಷೆ ಎಂದು ವೈದ್ಯರು ಗೊತ್ತುಮಾಡಿದರು.

ಆದರೆ ನೋವೇ ಇಲ್ಲದ ಮನುಷ್ಯ ವರ್ಷಕ್ಕೆ ಎರಡು ಬಾರಿ ಆಸ್ಪತ್ರೆಗೆ ಏಕೆ ಬಂದಾನು? ನಮ್ಮ ರೂಢಿ ಬಾಯಾರಿದಾಗ ಬಾವಿ ತೋಡುವುದು.

ಅಲಾಸ್ಕಾದ ಮೂಲನಿವಾಸಿಗಳಲ್ಲಿ 1982ರಿಂದ ನಡೆದ ಕೆಲಸ ಇಲ್ಲಿ ಸ್ಮರಣೀಯ. ಎಷ್ಟೋ ಹಳ್ಳಿಗಳಿಗೆ ಅಲ್ಲಿ ರಸ್ತೆಯೇ ಇಲ್ಲ. ವೈದ್ಯರು ವೈರಸ್ಸು ಉಳಿದವರ ಹೆಸರುಗಳನ್ನು ಒಂದು ದಾಖಲೆಯಲ್ಲಿ ಸೇರಿಸಿ, ಆರು ತಿಂಗಳಿಗೊಮ್ಮೆ ನೆನಪಿನ ಪತ್ರ ಕಳುಹಿಸುವ ಪದ್ಧತಿ ಬೆಳೆಸಿದರು. ರಕ್ತವನ್ನು ಊರಿನ ಚಿಕಿತ್ಸಾಲಯದಲ್ಲೇ ಕೊಡಬಹುದಿತ್ತು. 1,487 ಜನರನ್ನು ಹೀಗೆ ಹದಿನಾರು ವರ್ಷ ಗಮನಿಸಲಾಯಿತು.

ಈ ಶ್ರಮದಿಂದ ಜೀವ ಉಳಿಯುವುದೇ? ಉತ್ತರ ಚೀನಾದ ಶಾಂಘೈನಿಂದ ಬಂದಿತು. ಅಲ್ಲಿ 1993ರಲ್ಲಿ ಆರಂಭವಾದ ಅಧ್ಯಯನದಲ್ಲಿ 35ರಿಂದ 59 ವಯಸ್ಸಿನ 18,816 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಆರು ತಿಂಗಳಿಗೊಮ್ಮೆ ಪರೀಕ್ಷೆ ಏರ್ಪಡಿಸಿದರು. ಆ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 32, ಇನ್ನೊಂದರಲ್ಲಿ 54. ಮರಣದ ಪ್ರಮಾಣ ಶೇಕಡ 37ರಷ್ಟು ತಗ್ಗಿತ್ತು. ಗಮನಿಸಬೇಕಾದ ಮಾತೆಂದರೆ, ನಿಗದಿಯಾದ ಪರೀಕ್ಷೆಗಳಲ್ಲಿ ನಡೆದದ್ದು ಶೇಕಡ 58.2 ಮಾತ್ರ. ಉಳಿದವರೂ ಬಂದಿದ್ದರೆ?

ಈ ಪ್ರಶ್ನೆಯನ್ನೇ ಹಿಡಿದು ಅಮೆರಿಕದ ಡಲ್ಲಾಸ್ ನಗರದ ವೈದ್ಯರು 1,800 ಸಿರೋಸಿಸ್ ರೋಗಿಗಳನ್ನು ಮೂರು ಗುಂಪು ಮಾಡಿದರು. ಎಂದಿನಂತೆ ಬಿಟ್ಟ ಗುಂಪಿನಲ್ಲಿ ಆರು ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷೆಯಾದವರು ಶೇಕಡ 7.3. ಆಹ್ವಾನಪತ್ರ ಹೋದ ಗುಂಪಿನಲ್ಲಿ 17.8. ಪತ್ರದ ಜತೆಗೆ ಸಹಾಯಕರು ಫೋನಿನಲ್ಲಿ ಅಡ್ಡಿ ಏನೆಂದು ವಿಚಾರಿಸಿ ನೆರವಾದ ಗುಂಪಿನಲ್ಲಿ 23.3. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅಡ್ಡಿಗಳೋ ನಮಗೂ ಪರಿಚಿತವಾದವೇ: ಖರ್ಚು, ಪ್ರಯಾಣ, ದಿನ ಗೊತ್ತುಮಾಡಿಕೊಳ್ಳುವ ತೊಡಕು. ಬಾರದವರನ್ನು ಅಲಕ್ಷ್ಯದವರೆಂದು ಬೈಯುವುದು ಸುಲಭ. ಬಸ್ ಚಾರ್ಜಿಗೆ ಹಣವಿದೆಯೇ ಎಂದು ಕೇಳುವುದು ಉಪಯುಕ್ತ. ಪತ್ರ, ಫೋನುಗಳಿಂದ ಮೂರುಪಟ್ಟಾದರೂ ನಾಲ್ವರಲ್ಲಿ ಮೂವರು ತಪ್ಪಿಸಿಕೊಂಡೇ ಇದ್ದರು ಎಂಬುದನ್ನೂ ಮರೆಯುವಂತಿಲ್ಲ.

ಭಾರತ ಸರಕಾರ 2018ರ ಜುಲೈ 28ರಂದು ವೈರಲ್ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಹೆಪಟೈಟಿಸ್ 'ಬಿ' ವೈರಸ್ಸನ್ನು ಗುರುತಿಸಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಹುಟ್ಟಿದ್ದು ಅದೇ ತಾರೀಖಿನಂದು. ವೈರಸ್ಸಿಗೆ ಲಸಿಕೆಯಿದೆ, ಗಡ್ಡೆಗೆ ಪರೀಕ್ಷೆಯಿದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಆರು ತಿಂಗಳ ಚೀಟಿ ಇಟ್ಟುಕೊಂಡವರು ಇದ್ದರೆ, ಆ ದಿನವನ್ನು ನೆನಪಿಸಿ. ಸಾಧ್ಯವಾದರೆ ಜತೆಯಲ್ಲಿ ಹೋಗಿಬನ್ನಿ.