ಹದಿಮೂರರ ನಂತರ ಒಂದು

ಮಕ್ಕಳ ಬೂಟಿನ ಲೆಕ್ಕದಲ್ಲಿ ಹದಿಮೂರರ ನಂತರ ಹದಿನಾಲ್ಕು ಬರುವುದಿಲ್ಲ, ಒಂದು ಬರುತ್ತದೆ. ಜೂನ್ ಮೊದಲ ವಾರದಲ್ಲಿ ಥಾಣೆ, ಡೊಂಬಿವಲಿಯ ಅಂಗಡಿಗಳಲ್ಲಿ ಈ ಗೊಂದಲ ಪ್ರತಿವರ್ಷ ಕೇಳಿಸುತ್ತದೆ. "ಹೋದ ಸಲ ಹದಿಮೂರು ಇತ್ತಲ್ಲ, ಈ ಸಲ ಒಂದು ಹೇಗೆ?" ಎಂದು ತಾಯಿ ಕೇಳುತ್ತಾಳೆ. ಅಂಗಡಿಯ ಹುಡುಗ "ಅದು ಹಾಗೇ ಇರೋದು" ಎಂದು ಡಬ್ಬಿ ತೆರೆಯುತ್ತಾನೆ.

ಅದು ಹಾಗೇ ಇರುವುದಕ್ಕೆ ಕಾರಣ ಇಂಗ್ಲೆಂಡಿನ ಬಾರ್ಲಿ ಕಾಳು. ಹಳೆಯ ಇಂಗ್ಲಿಷ್ ಲೆಕ್ಕದಲ್ಲಿ ಮೂರು ಬಾರ್ಲಿ ಕಾಳು ಸೇರಿದರೆ ಒಂದು ಅಂಗುಲ. ಒಂದು ಸೈಜಿಗೂ ಮುಂದಿನದಕ್ಕೂ ಇರುವ ಅಂತರ ಒಂದು ಕಾಳು, ಅಂದರೆ ಸುಮಾರು 8.5 ಮಿಲಿಮೀಟರ್. ಮಕ್ಕಳ ಲೆಕ್ಕ ನಾಲ್ಕು ಅಂಗುಲದಿಂದ, ಅಂದರೆ ಒಂದು ಅಂಗೈಯ ಅಗಲದಿಂದ ಶುರುವಾಗಿ ಹದಿಮೂರು ಕಾಳಿಗೆ ಮುಗಿಯುತ್ತದೆ. ಅಲ್ಲಿಂದ ದೊಡ್ಡವರ ಲೆಕ್ಕ ಮತ್ತೆ ಒಂದರಿಂದ ಆರಂಭ. ಬ್ರಿಟಿಷರ ಜತೆ ಬಂದ ಈ ಲೆಕ್ಕವನ್ನು ಅವರು ಹೋದ ಮೇಲೂ ನಾವು ಬಿಡಲಿಲ್ಲ. ನನ್ನ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಬೇರೆ ಯಾರಿಗೋ ಬರೆದ ಸ್ಪೆಸಿಫಿಕೇಶನ್ನನ್ನು ತಿದ್ದದೆ ನಮ್ಮ ಮಕ್ಕಳ ಕಾಲಿಗೆ ಹಾಕಿಕೊಂಡಿದ್ದೇವೆ. ಇದು ಹೇಗಾಯಿತು ಎಂದು ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆಯನ್ನು ಇಲ್ಲಿ ಜೋಡಿಸಿದ್ದೇನೆ.

ಕನ್ನಡದಲ್ಲಿ ಪಾದರಕ್ಷೆಗೆ ಹೆಸರುಗಳ ಕೊರತೆಯಿಲ್ಲ. ಕೆರ, ಮೆಟ್ಟು, ಎಕ್ಕಡ, ಜೋಡು, ಉತ್ತರ ಕರ್ನಾಟಕದ ಕಾಲ್ಮರಿ. ಆದರೆ ಮಕ್ಕಳ ಪಾದರಕ್ಷೆಗೆ ಎಂದೇ ಬೇರೆ ಮಾತು ನನಗೆ ಸಿಕ್ಕಿಲ್ಲ. ಬಹುತೇಕ ಮಕ್ಕಳು ಬರಿಗಾಲಲ್ಲೇ ಬೆಳೆಯುತ್ತಿದ್ದರು. ಚಪ್ಪಲಿ ಮೆಟ್ಟುವುದು ವಯಸ್ಸಿಗೆ, ಹಣಕ್ಕೆ, ಅದಕ್ಕಿಂತ ಹೆಚ್ಚಾಗಿ ಜಾತಿಗೆ ಸೇರಿದ ವಿಷಯವಾಗಿತ್ತು. ಮೇಲುಜಾತಿಯವರ ಕೇರಿಯಲ್ಲಿ ದಲಿತರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಊರುಗಳು ನಮ್ಮ ಹಿರಿಯರ ನೆನಪಿನಲ್ಲೇ ಇವೆ. ಚಪ್ಪಲಿ ಹೊಲಿಯುವವನೇ ಅದನ್ನು ಮೆಟ್ಟುವಂತಿರಲಿಲ್ಲ.

ಹನ್ನೆರಡನೆಯ ಶತಮಾನದ ಹರಳಯ್ಯನ ಕಥೆ ನಮಗೆಲ್ಲ ಗೊತ್ತು. ಬಸವಣ್ಣನಿಗಾಗಿ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರು, ಬಸವಣ್ಣ ಅದನ್ನು ಮೆಟ್ಟಲು ಒಪ್ಪದೆ ತಲೆಯ ಮೇಲಿಟ್ಟುಕೊಂಡರು ಎನ್ನುತ್ತಾರೆ. ಅದು ಬೀದರ್ ಜಿಲ್ಲೆಯ ಕಲ್ಯಾಣ. ನಾವು ಲೋಕಲ್ ಹಿಡಿಯುವ ಈ ಕಲ್ಯಾಣ್ ಬೇರೆ. ಆದರೂ ಸ್ಟೇಷನ್ನಿನ ಮೆಟ್ಟಿಲ ಪಕ್ಕದಲ್ಲಿ ಉಳಿ, ಸೂಜಿ, ಮೇಣದ ದಾರ ಇಟ್ಟುಕೊಂಡು ಕೂತವರನ್ನು ಕಂಡಾಗಲೆಲ್ಲ ನನಗೆ ಎರಡೂ ಕಲ್ಯಾಣಗಳು ಒಟ್ಟಿಗೆ ನೆನಪಾಗುತ್ತವೆ. ಪಾದರಕ್ಷೆಯ ಮಾರುಕಟ್ಟೆ ಬದಲಾಗಿದೆ. ಆ ಉಳಿ ಹಿಡಿದ ಕೈ ಯಾವ ಸಮುದಾಯದ್ದು ಎಂಬುದು ಅಷ್ಟಾಗಿ ಬದಲಾಗಿಲ್ಲ.

ಮಕ್ಕಳ ಬೂಟು ಒಂದು ಸರಕಾಗಿ ನಮ್ಮಲ್ಲಿಗೆ ಬಂದದ್ದು ಶಾಲೆಯ ಬೆನ್ನಹಿಂದೆ. ಜೆಕ್ ನಾಡಿನ ಜ್ಲೀನ್‌ನಲ್ಲಿ 1894ರಲ್ಲಿ ಹುಟ್ಟಿದ ಬಾಟಾ ಕಂಪನಿ 1931ರಲ್ಲಿ ಕೋಲ್ಕತ್ತದ ಹತ್ತಿರದ ಕೊನ್ನಗರದಲ್ಲಿ ಕೆಲಸ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಬಾಟಾನಗರ ಎಂಬ ಊರೇ ಎದ್ದಿತು. ಎಷ್ಟೋ ಭಾರತೀಯರಿಗೆ ಅದು ಸ್ವದೇಶಿ ಕಂಪನಿ ಎಂದೇ ನಂಬಿಕೆ. ಶಾಲೆಯ ಕಪ್ಪು ಬೂಟು, ಶನಿವಾರದ ಡ್ರಿಲ್ಲಿಗೆ ಬಿಳಿ ಕ್ಯಾನ್ವಾಸ್ ಬೂಟು, ರೂಪಾಯಿ ತುಂಬುವ ಮೊದಲೇ ನಿಂತುಬಿಡುವ ಬೆಲೆಯ ಚೀಟಿ, ಇವೆಲ್ಲ ಅಲ್ಲಿಂದ ಬಂದ ಅಭ್ಯಾಸಗಳು. ಮುಂಬಯಿಯಲ್ಲಿ ಅದಕ್ಕೆ ಪೈಪೋಟಿ ಕೊಟ್ಟದ್ದು ಕರೋನಾ ಎಂಬ ಕಂಪನಿ. ಈಗಿನ ಮಕ್ಕಳಿಗೆ ಆ ಹೆಸರು ಹೇಳಿದರೆ ನಗುತ್ತಾರೆ, ಆದರೆ ಹಳೆಯ ಮುಂಬಯಿಗರ ಮನೆಗಳಲ್ಲಿ ಅದೊಂದು ಮರ್ಯಾದೆಯ ಹೆಸರಾಗಿತ್ತು.

ಆದರೆ ಆ ಕಾಲದ ಮುಂಬಯಿಯಲ್ಲಿ ಮಗು ಮತ್ತು ಬೂಟು ಎಂದರೆ ಇನ್ನೊಂದು ಚಿತ್ರವೂ ಕಣ್ಣಿಗೆ ಬರುತ್ತಿತ್ತು. 1954ರಲ್ಲಿ ರಾಜ್ ಕಪೂರ್ ನಿರ್ಮಿಸಿದ 'ಬೂಟ್ ಪಾಲಿಶ್' ಸಿನಿಮಾದ ಅಣ್ಣ ತಂಗಿ ಬೇರೆಯವರ ಬೂಟಿಗೆ ಹೊಳಪು ಕೊಟ್ಟು ಬದುಕುವವರು. ಅದೇ ದಶಕಗಳಲ್ಲಿ ಕರಾವಳಿಯಿಂದ ಉಡುಪಿ ಹೋಟೆಲುಗಳಿಗೆ ಬಂದ ನಮ್ಮ ಹುಡುಗರು ಹಗಲು ಲೋಟ ತೊಳೆದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅಂಥ ಹಿರಿಯರೊಬ್ಬರು ನನಗೆ ಹೇಳಿದ್ದರು: "ಮೊದಲ ಚಪ್ಪಲಿ ತಗೊಂಡದ್ದು ಮೊದಲ ಸಂಬಳದಲ್ಲಿ. ಅಷ್ಟು ಹೊತ್ತಿಗೆ ನಾನು ಮಗುವಾಗಿ ಉಳಿದಿರಲಿಲ್ಲ."

ಬಡವರ ಮಕ್ಕಳ ಕಾಲಿಗೆ ಚಪ್ಪಲಿ ತಲುಪಿಸಿದ್ದು ರಬ್ಬರು. ಕೋಟ್ಟಯಂನಲ್ಲಿ 1975ರಲ್ಲಿ ಪ್ಯಾರಗಾನ್, ದೆಹಲಿಯಲ್ಲಿ 1976ರಲ್ಲಿ ರಿಲ್ಯಾಕ್ಸೋ, ಕೋಯಿಕ್ಕೋಡಿನಲ್ಲಿ 1984ರಲ್ಲಿ ವಿಕೆಸಿ ಆರಂಭವಾದವು. ನಾವು ಎಂಬತ್ತರ ದಶಕದಲ್ಲಿ ಬೆಳೆದವರು ಈ ಹವಾಯಿ ಚಪ್ಪಲಿಯ ತಲೆಮಾರು. ಬಾರು ಕಿತ್ತರೆ ಅಟ್ಟೆಯ ಅಡಿಯಿಂದ ಸೇಫ್ಟಿ ಪಿನ್ನು ಸಿಕ್ಕಿಸುತ್ತಿದ್ದೆವು, ಬಾರು ಮಾತ್ರ ಬೇರೆ ಕೊಂಡು ಹಾಕುತ್ತಿದ್ದೆವು. ಅಣ್ಣನದು ತಮ್ಮನಿಗೆ, ಅಕ್ಕನದು ತಂಗಿಗೆ ಬರುತ್ತಿತ್ತು. ಒಂದೇ ಜೋಡಿ ಬೂಟನ್ನು ಸರದಿಯಲ್ಲಿ ಹಾಕಿಕೊಂಡು ಶಾಲೆಗೆ ಓಡುವ ಅಣ್ಣ ತಂಗಿಯ ಕಥೆಯನ್ನು ಇರಾನಿನ ಮಜೀದ್ ಮಜೀದಿ 1997ರಲ್ಲಿ 'ಚಿಲ್ಡ್ರನ್ ಆಫ್ ಹೆವನ್' ಸಿನಿಮಾ ಮಾಡಿದಾಗ, ನಮ್ಮಲ್ಲಿ ಅನೇಕರಿಗೆ ಅದು ಪರದೇಶದ ಕಥೆ ಅನ್ನಿಸಲಿಲ್ಲ.

ಈಗ ನಮ್ಮ ಈ ನಾಲ್ಕು ಊರುಗಳಿಗೆ ಬರೋಣ. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣಿಗೆ ಮುಟ್ಟಿತು. ದೇಶ ಇಬ್ಭಾಗವಾದಾಗ ಕಲ್ಯಾಣಿನ ಪಕ್ಕದ ಸೈನಿಕ ಶಿಬಿರಗಳಿಗೆ ಬಂದ ಸಿಂಧಿ ನಿರಾಶ್ರಿತರು ಉಲ್ಲಾಸನಗರ ಕಟ್ಟಿದರು. ದೊಡ್ಡ ಬ್ರ್ಯಾಂಡುಗಳನ್ನು ಹೋಲುವ ಅಗ್ಗದ ಸರಕಿಗೆ ಆ ಊರು ಹೆಸರಾಯಿತು. ಸಿಡ್ಕೋ 1970ರಲ್ಲಿ ಹುಟ್ಟಿ ನವಿಮುಂಬಯಿಯನ್ನು ನಕ್ಷೆಯ ಮೇಲೆ ಬರೆಯಿತು, 1992ರಲ್ಲಿ ಲೋಕಲ್ ರೈಲು ಖಾಡಿ ದಾಟಿ ವಾಶಿಗೆ ಬಂತು. 2011ರ ಜನಗಣತಿಯ ಹೊತ್ತಿಗೆ ಥಾಣೆಯಲ್ಲಿ 18 ಲಕ್ಷಕ್ಕೂ ಹೆಚ್ಚು, ಕಲ್ಯಾಣ್-ಡೊಂಬಿವಲಿಯಲ್ಲಿ ಸುಮಾರು 12.5 ಲಕ್ಷ, ನವಿಮುಂಬಯಿಯಲ್ಲಿ 11 ಲಕ್ಷ ಜನರಿದ್ದರು. ಹೀಗೆ ಬಂದು ನೆಲೆಸಿದವರಲ್ಲಿ ಹೆಚ್ಚಿನವರು ಚಿಕ್ಕ ಕುಟುಂಬದವರು, ಮಕ್ಕಳ ಶಾಲೆಗಾಗಿಯೇ ಬಾಡಿಗೆ ಮನೆ ಹುಡುಕಿದವರು.

ಕುಟುಂಬ ಚಿಕ್ಕದಾದದ್ದು ಬೂಟಿನ ವ್ಯಾಪಾರವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಮನೆಗೊಂದು ಮಗುವಾದರೆ ಅಣ್ಣನ ಬೂಟು ತೊಡಲು ತಮ್ಮನಿಲ್ಲ. ಒಟ್ಟು ಮಕ್ಕಳು ಕಡಿಮೆಯಾದರೂ ಒಂದೊಂದು ಮಗುವಿನ ಕಾಲಿಗೆ ಜೋಡಿಗಳು ಹೆಚ್ಚಾದವು: ಶಾಲೆಗೆ ಕಪ್ಪು, ಪಿಟಿಗೆ ಬಿಳಿ, ಮಳೆಗೊಂದು, ಮದುವೆಗೊಂದು, ಸ್ಕೇಟಿಂಗಿಗೋ ಫುಟ್ಬಾಲಿಗೋ ಮತ್ತೊಂದು. ಡೊಂಬಿವಲಿಯ ಫಡ್ಕೆ ರಸ್ತೆಯ ಅಂಗಡಿಯಿಂದ ಥಾಣೆಯ ಮಾಲಿಗೆ, ಮಾಲಿನಿಂದ ಮೊಬೈಲಿಗೆ ಖರೀದಿ ಸರಿಯಿತು. ಬೆಂಗಳೂರಿನಲ್ಲಿ 2007ರಲ್ಲಿ ಶುರುವಾದ ಫ್ಲಿಪ್‌ಕಾರ್ಟ್, ಪುಣೆಯಲ್ಲಿ 2010ರಲ್ಲಿ ಶುರುವಾದ ಫಸ್ಟ್‌ಕ್ರೈ ಈ ದಾರಿಯ ಮೈಲುಗಲ್ಲುಗಳು.

ಆಯ್ಕೆ ಮಾಡುವವರೂ ಬದಲಾದರು. ಮೊದಲು ಅಪ್ಪ ಆರಿಸುತ್ತಿದ್ದ, ಬಾಳಿಕೆ ನೋಡುತ್ತಿದ್ದ. ಈಗ ನಾಲ್ಕು ವರ್ಷದ ಮಗು ಆರಿಸುತ್ತದೆ, ಹಿಮ್ಮಡಿಯಲ್ಲಿ ದೀಪ ಮಿನುಗುತ್ತದೆಯೇ ಎಂದು ನೋಡುತ್ತದೆ. ಅಮೆರಿಕದ ಎಲ್.ಎ. ಗಿಯರ್ ಕಂಪನಿ 1992ರಲ್ಲಿ ತಂದ ಈ ಮಿನುಗು ಇವತ್ತು ಕಲ್ಯಾಣಿನ ಫುಟ್‌ಪಾತಿನಲ್ಲೂ ಸಿಗುತ್ತದೆ. ಲೇಸಿನ ಜಾಗಕ್ಕೆ ವೆಲ್ಕ್ರೋ ಬಂತು. ಬೆಳಿಗ್ಗೆ ಏಳಕ್ಕೆ ಶಾಲೆಯ ಬಸ್ಸು ಹಿಡಿಸಬೇಕಾದ, ಎಂಟಕ್ಕೆ ತಾವೂ ಲೋಕಲ್ ಹಿಡಿಯಬೇಕಾದ ತಂದೆತಾಯಿಗೆ ಅದು ವರವೇ. 2002ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ರಾಕ್ಸ್, ಅದರ ನೂರಾರು ನಕಲುಗಳು ಮಳೆಗಾಲದ ಪರಿಹಾರವಾದವು. ಅಂಥ ಮೆತ್ತನೆಯ ಚಪ್ಪಲಿ ಎಸ್ಕಲೇಟರಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ ಎಂದು ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ 2008ರಲ್ಲೇ ಎಚ್ಚರಿಸಿತ್ತು. ಮಾಲಿನಲ್ಲೂ ಸ್ಟೇಷನ್ನಿನಲ್ಲೂ ಎಸ್ಕಲೇಟರ್ ಹತ್ತಿಸುವ ನಾವು ಇದನ್ನು ನೆನಪಿಡಬೇಕು.

ಇಷ್ಟೆಲ್ಲ ಬದಲಾದರೂ ಅಲುಗಾಡದೆ ನಿಂತಿರುವುದು ಒಂದೇ: ಶಾಲೆಯ ಮುಚ್ಚಿದ ಕಪ್ಪು ಬೂಟು. ನಮ್ಮ ಕೊಂಕಣದ ಶಾಲೆಗಳು ತೆರೆಯುವುದೇ ಜೂನ್ ಮಧ್ಯದಲ್ಲಿ, ಮುಂಗಾರಿನ ಜತೆ. ಬೂಟಿನೊಳಗೆ ನೀರು, ನೀರಿನೊಳಗೆ ಸಾಕ್ಸು, ಆರು ತಾಸು ಹಾಗೆಯೇ ಕೂತ ಕಾಲು. ಮಳೆಗಾಲಕ್ಕೆ ಸ್ಯಾಂಡಲ್ ಒಪ್ಪುವ ಶಾಲೆಗಳಿವೆ, ಅದೂ ಕಪ್ಪು ಬಣ್ಣದ್ದೇ ಇರಲಿ ಎನ್ನುವವೂ ಇವೆ, ಒಪ್ಪದವೂ ಇವೆ.

ಈ ಚರ್ಚೆಗೆ ಬೇಕಾದ ಒಂದು ಮುಖ್ಯ ಸಾಕ್ಷ್ಯ ನಮ್ಮ ಮಣಿಪಾಲದಿಂದಲೇ ಬಂದಿದೆ ಎಂಬುದು ಎಷ್ಟೋ ಕನ್ನಡಿಗರಿಗೆ ತಿಳಿಯದು. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ತಜ್ಞರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು ಅಧ್ಯಯನ ಮಾಡಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇಕಡಾ 8.6, ಹಾಕದವರಲ್ಲಿ ಶೇಕಡಾ 2.8. ಮುಚ್ಚಿದ ಬೂಟಿನವರಲ್ಲಿ ಅತಿ ಹೆಚ್ಚು, ಸ್ಯಾಂಡಲ್ ಮತ್ತು ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ, ಬರಿಗಾಲಿನವರಲ್ಲಿ ಅತಿ ಕಡಿಮೆ. ಮೂವತ್ತು ವರ್ಷ ಕಳೆದರೂ ಜಗತ್ತಿನ ವೈದ್ಯರು ಉಲ್ಲೇಖಿಸುವ ಅಧ್ಯಯನವಿದು.

ಇದನ್ನು ಓದಿ ಬರಿಗಾಲನ್ನು ಹೊಗಳಲು ಹೊರಡಬಾರದು. ಬರಿಗಾಲಿಗೆ ಮುಳ್ಳಿದೆ, ಗಾಜಿದೆ, ಕೊಕ್ಕೆಹುಳುವಿದೆ. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬಯಿ ಕಂಡ ಇಲಿಜ್ವರ ಕಾಲಿನ ಗಾಯಗಳ ಮೂಲಕವೂ ದೇಹ ಸೇರುವ ರೋಗ. ಚಪ್ಪಟೆ ಪಾದವಿದ್ದರೂ ನೋವಿಲ್ಲದೆ ಬದುಕುವವರೇ ಹೆಚ್ಚು. ಆ ಅಧ್ಯಯನದಿಂದ ನಾನು ತೆಗೆದುಕೊಂಡ ಪಾಠ ಇಷ್ಟೇ: ಬೆಳೆಯುವ ಕಾಲಿಗೆ ರಕ್ಷಣೆ ಬೇಕು, ಬಿಗಿತ ಬೇಡ. ತೆರೆದ ಸ್ಯಾಂಡಲ್ ಹಾಕಿದ ಮಗು ಅಶಿಸ್ತಿನ ಮಗು ಎಂಬ ಭಾವನೆಗೆ ವೈದ್ಯಶಾಸ್ತ್ರದ ಆಧಾರವಿಲ್ಲ, ಲಂಡನ್ನಿನ ಹವೆಯ ಆಧಾರವಿದೆ.

ಲೆಕ್ಕ ತಿದ್ದುವ ಕೆಲಸವೂ ಶುರುವಾಗಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಕಾಲುಗಳನ್ನು ತ್ರಿಡಿ ಯಂತ್ರದಲ್ಲಿ ಅಳೆಯಿತು. ನಮ್ಮ ಪಾದಗಳು ಯುರೋಪಿನವಕ್ಕಿಂತ ಅಗಲ ಎಂದು ಗೊತ್ತಾಯಿತು. ಅಗಲ ಸಾಲದೆ ನಾವು ಉದ್ದದ ಸೈಜು ಕೊಳ್ಳುತ್ತ ಬಂದಿದ್ದೇವೆ. 'ಭಾ' ಎಂಬ ಹೆಸರಿನ ಹೊಸ ಕ್ರಮದಲ್ಲಿ ಎಂಟು ಗುಂಪುಗಳು, ಅದರಲ್ಲಿ ಆರು ಹದಿನಾಲ್ಕು ವರ್ಷದೊಳಗಿನ ಮಕ್ಕಳವೇ. ಮೊದಲ ಬಾರಿಗೆ ನಮ್ಮ ಮಕ್ಕಳ ಕಾಲನ್ನು ಅಳೆದು ಅವರ ಬೂಟಿನ ಲೆಕ್ಕ ಬರೆಯುವ ಪ್ರಯತ್ನವಿದು.

ಸರ್ಕಾರಗಳೂ ಮಕ್ಕಳ ಕಾಲಿನತ್ತ ನೋಡಿವೆ. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಶೂ ಭಾಗ್ಯ ಬಂತು, ಮಹಾರಾಷ್ಟ್ರದಲ್ಲಿ 2023ರಲ್ಲಿ ಬೂಟು-ಸಾಕ್ಸು ಯೋಜನೆ ಬಂತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೋಡಿಗೆ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ. ಸರ್ಕಾರಿ ಶಾಲೆಯ ಮಗುವಿಗೂ ಬೂಟು ಸಿಕ್ಕಿದ್ದು ದೊಡ್ಡ ಮಾತು. ಒಂದು ಕಾಲಕ್ಕೆ ಯಾರ ಕಾಲಿಗೆ ಚಪ್ಪಲಿ ನಿಷಿದ್ಧವಾಗಿತ್ತೋ ಅವರ ಮಕ್ಕಳಿಗೆ ಬೂಟು ಬರಿಯ ಚರ್ಮವಲ್ಲ, ಸಮಾನತೆಯ ಗುರುತು. ಆದ್ದರಿಂದ ಬೂಟು ಬೇಡ ಎನ್ನುವುದು ನನ್ನ ವಾದವಲ್ಲ. ಕೊಡುವುದು ಆ ಮಗುವಿನ ಕಾಲಿಗೂ ಹವೆಗೂ ಒಗ್ಗಲಿ ಎನ್ನುವುದಷ್ಟೇ ನನ್ನ ಮಾತು.

ಒಗ್ಗುವುದನ್ನು ಮಾಡಬಲ್ಲವರು ನಮ್ಮಲ್ಲೇ ಇದ್ದಾರೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಸ್ವತ್ತು. ಅಥಣಿ, ನಿಪ್ಪಾಣಿಯ ಕಡೆಯ ಕುಶಲಿಗಳು ಕನ್ನಡವಾಡುವವರು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಅದೇ ವಿನ್ಯಾಸವನ್ನು ಮಿಲಾನಿನ ವೇದಿಕೆಯಲ್ಲಿ ಹೆಸರೆತ್ತದೆ ನಡೆಸಿದಾಗ ದೇಶವೆಲ್ಲ ಕೂಗಾಡಿತು. ಆದರೆ ಕೂಗಾಡಿದ ನಾವು ಮಕ್ಕಳಿಗೆ ಅಥಣಿಯ ಜೋಡಿ ತರುವುದು ಗಣೇಶ ಹಬ್ಬದ ಫೋಟೋಗೆ ಮಾತ್ರ. ಹಿಮ್ಮಡಿಗೆ ಪಟ್ಟಿ, ಮಳೆಗೆ ತಡೆಯುವ ಅಟ್ಟೆ, 'ಭಾ' ಲೆಕ್ಕದ ಅಗಲ ಸೇರಿಸಿ ಮಕ್ಕಳ ಶಾಲಾ ಸ್ಯಾಂಡಲ್ ಮಾಡಿಸಲು ಲಿಡ್ಕರ್‌ನಂಥ ಸರ್ಕಾರಿ ನಿಗಮಗಳು ಮುಂದಾದರೆ ಅದಕ್ಕೊಂದು ದೊಡ್ಡ ಮಾರುಕಟ್ಟೆ ಕಾದಿದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಸಣ್ಣ ಕೆಲಸಗಳು. ಸಂಜೆ ಹೊತ್ತು ಮಗುವನ್ನು ನಿಲ್ಲಿಸಿ ಎರಡೂ ಪಾದ ಅಳೆಯುವುದು, ತುದಿಯಲ್ಲಿ ಹೆಬ್ಬೆರಳಿನಗಲ ಜಾಗ ಬಿಡುವುದು, ಪಾಲಕರ ಸಭೆಯಲ್ಲಿ ಮಳೆಗಾಲದ ಸ್ಯಾಂಡಲ್ ಬಗ್ಗೆ ಬಾಯಿ ತೆರೆಯುವುದು. ಕಾಲು ಬೆಳೆದು ಹೊರಗಾದ ಗಟ್ಟಿ ಜೋಡಿಯನ್ನು ಅಟ್ಟದ ಮೇಲಿಡದೆ ಕೊಡುವುದು. ಕೊಡಬೇಕಾದವರು ದೂರವೇನಿಲ್ಲ. ಕಲ್ಯಾಣ್-ಶಿಳ್ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ಕಲಬುರಗಿ, ಯಾದಗಿರಿಯ ಕಡೆಯಿಂದ ಬಂದ ಕುಟುಂಬಗಳಿವೆ. "ಎಲ್ಲಿಯವರ್ರೀ?" ಎಂದು ಕೇಳಿದರೆ ಮುಖ ಅರಳುತ್ತದೆ. ಅವರ ಮಕ್ಕಳು ಜಲ್ಲಿ ರಾಶಿಯ ಮೇಲೆ ಅಪ್ಪನ ಹವಾಯಿ ಚಪ್ಪಲಿ ಎಳೆದುಕೊಂಡು ಓಡುತ್ತಾರೆ. ಯಾವ ಕಂಪನಿಯ ಸೈಜಿನ ಪಟ್ಟಿಯಲ್ಲೂ ಆ ಕಾಲುಗಳು ಇನ್ನೂ ಬಂದಿಲ್ಲ.