ಬದಲಾವಣೆಗೆ ಪ್ರತಿರೋಧ (ನಿರ್ವಹಣಾಶಾಸ್ತ್ರ)

ಬದಲಾವಣೆಗೆ ಪ್ರತಿರೋಧ ಎಂಬುದು ನಿರ್ವಹಣಾಶಾಸ್ತ್ರದ ಒಂದು ಪರಿಕಲ್ಪನೆ. ಸಂಸ್ಥೆಯೊಂದು ತನ್ನ ಕೆಲಸದ ವಿಧಾನ, ಯಂತ್ರೋಪಕರಣ, ನಿಯಮ ಅಥವಾ ಅಧಿಕಾರ ಹಂಚಿಕೆಯನ್ನು ಮಾರ್ಪಡಿಸಲು ಹೊರಟಾಗ ಅದರ ನೌಕರರಲ್ಲಿ ಕಂಡುಬರುವ ಅಸಮ್ಮತಿಯನ್ನು ಇದು ಸೂಚಿಸುತ್ತದೆ. ಮುಷ್ಕರ, ಮನವಿಪತ್ರ, ವಾಗ್ವಾದ ಇದರ ಬಹಿರಂಗ ರೂಪಗಳು. ಕೆಲಸವನ್ನು ನಿಧಾನಗೊಳಿಸುವುದು, ಹೊಸ ಪದ್ಧತಿಯ ಜೊತೆಗೆ ಹಳೆಯ ಲೆಕ್ಕದ ಪುಸ್ತಕವನ್ನೂ ಮುಂದುವರಿಸುವುದು, ಪದೇ ಪದೇ ರಜೆ ಹಾಕುವುದು ಮುಂತಾದ ಮೌನ ರೂಪಗಳನ್ನು ಗುರುತಿಸುವುದು ಕಷ್ಟ. ಇಂತಹ ಪ್ರತಿರೋಧದ ಕಾರಣಗಳನ್ನು ಅರಿತು, ಹೊಸ ವ್ಯವಸ್ಥೆಯನ್ನು ನೆಲೆಗೊಳಿಸುವ ಕ್ರಮವನ್ನು ಬದಲಾವಣೆಯ ನಿರ್ವಹಣೆ ಎನ್ನುತ್ತಾರೆ.

ಕಾರಣಗಳು

ಜನರು ಅಜ್ಞಾನದಿಂದಲೋ ಆಲಸ್ಯದಿಂದಲೋ ಹೊಸತನ್ನು ವಿರೋಧಿಸುತ್ತಾರೆ ಎಂಬ ನಂಬಿಕೆ ಆಡಳಿತಗಾರರಲ್ಲಿ ಸಾಮಾನ್ಯ. ಈ ಕ್ಷೇತ್ರದ ಪ್ರಮುಖ ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ನೌಕರರು ವಿರೋಧಿಸುವುದು ತಾಂತ್ರಿಕ ಬದಲಾವಣೆಯನ್ನಲ್ಲ, ಅದರೊಂದಿಗೆ ಬರುವ ಸಾಮಾಜಿಕ ಬದಲಾವಣೆಯನ್ನು, ಅಂದರೆ ಸಹೋದ್ಯೋಗಿಗಳೊಡನೆ ಇದ್ದ ಸಂಬಂಧ ಕೆಡುವುದನ್ನು ಎಂದು ಪಾಲ್ ಲಾರೆನ್ಸ್ 1954ರಲ್ಲಿ ವಾದಿಸಿದರು. ಜಾನ್ ಕಾಟರ್ ಮತ್ತು ಲಿಯೊನಾರ್ಡ್ ಶ್ಲೆಸಿಂಜರ್ 1979ರಲ್ಲಿ ನಾಲ್ಕು ಕಾರಣಗಳನ್ನು ಗುರುತಿಸಿದರು: ಸ್ವಹಿತಕ್ಕೆ ಧಕ್ಕೆ, ಅಪನಂಬಿಕೆಯಿಂದ ಹುಟ್ಟುವ ತಪ್ಪು ತಿಳಿವಳಿಕೆ, ಬದಲಾವಣೆಯ ಫಲಿತಾಂಶದ ಬಗ್ಗೆ ಪ್ರಾಮಾಣಿಕ ಭಿನ್ನಾಭಿಪ್ರಾಯ ಹಾಗೂ ಹೊಸದಕ್ಕೆ ಹೊಂದಿಕೊಳ್ಳಲಾರೆನೆಂಬ ಭಯ. ಇವುಗಳಲ್ಲಿ ಮೂರನೆಯದು ಮುಖ್ಯವಾದದ್ದು. ವಿರೋಧಿಸುವವನ ಲೆಕ್ಕಾಚಾರವೇ ಸರಿಯಿರುವ ಸಾಧ್ಯತೆಯನ್ನು ಅದು ಒಪ್ಪಿಕೊಳ್ಳುತ್ತದೆ.

ಹಾರ್ವುಡ್ ಕಾರ್ಖಾನೆಯ ಪ್ರಯೋಗ

ಈ ವಿಷಯದ ಮೇಲಿನ ಅತಿ ಪ್ರಸಿದ್ಧ ಪ್ರಯೋಗ ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಪಟ್ಟಣದ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ನಡೆಯಿತು. ಇಲ್ಲಿ ತಯಾರಿಸಿದ ನಗಗಳ ಸಂಖ್ಯೆಗೆ ತಕ್ಕಂತೆ ಕೂಲಿ ಇತ್ತು. ಗಂಟೆಗೆ 60 ಘಟಕಗಳು ನಿಗದಿತ ಪ್ರಮಾಣ. ಕೆಲಸದ ರೀತಿ ಬದಲಾದಾಗಲೆಲ್ಲ ಉತ್ಪಾದನೆ ಕುಸಿಯುತ್ತಿತ್ತು, ದೂರುಗಳು ಹೆಚ್ಚುತ್ತಿದ್ದವು, ಅನೇಕರು ಕೆಲಸವನ್ನೇ ಬಿಡುತ್ತಿದ್ದರು. ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಒಂದೇ ಬಗೆಯ ಸಣ್ಣ ಬದಲಾವಣೆಯನ್ನು ಬೇರೆ ಬೇರೆ ಗುಂಪುಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಜಾರಿಗೆ ತಂದು, 1948ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಇಸ್ತ್ರಿ ಮಾಡುವ 18 ಮಂದಿಯ ಗುಂಪಿಗೆ, ಬಟ್ಟೆಗಳನ್ನು ಇನ್ನು ಮುಂದೆ ರಟ್ಟಿನ ಹಾಳೆಯ ಮೇಲಲ್ಲ, ಪೆಟ್ಟಿಗೆಯೊಳಗೆ ಜೋಡಿಸಬೇಕೆಂದು ಸಭೆಯಲ್ಲಿ ತಿಳಿಸಲಾಯಿತು. ಹೊಸ ದರವನ್ನೂ ವಿವರಿಸಲಾಯಿತು. ಬದಲಾವಣೆ ಇಷ್ಟೇ. ಆದರೂ ಮೊದಲ 40 ದಿನಗಳಲ್ಲಿ ಶೇ. 17ರಷ್ಟು ಮಂದಿ ಕೆಲಸ ತೊರೆದರು. ಉಳಿದವರ ಉತ್ಪಾದನೆ ಕುಸಿದು ಅಲ್ಲಿಯೇ ನಿಂತಿತು. ಎರಡನೆಯ ಗುಂಪು ಪ್ರತಿನಿಧಿಗಳನ್ನು ಆರಿಸಿ, ಹೊಸ ವಿಧಾನವನ್ನೂ ದರವನ್ನೂ ಅವರ ಮೂಲಕ ರೂಪಿಸಿತು. 14 ದಿನಗಳಲ್ಲಿ ಅದು ಗಂಟೆಗೆ 61 ಘಟಕಗಳನ್ನು ತಲುಪಿತು, ಯಾರೂ ಕೆಲಸ ಬಿಡಲಿಲ್ಲ. ಎಲ್ಲ ಸದಸ್ಯರೂ ನೇರವಾಗಿ ಭಾಗವಹಿಸಿದ ಎರಡು ಚಿಕ್ಕ ಗುಂಪುಗಳು ಇನ್ನೂ ಬೇಗ ಚೇತರಿಸಿಕೊಂಡು, ಹಿಂದಿನ ಮಟ್ಟಕ್ಕಿಂತ ಸುಮಾರು ಶೇ. 14ರಷ್ಟು ಮೇಲೇರಿದವು.

ಪ್ರಯೋಗದ ತೂಕ ಇರುವುದು ಅದರ ಮುಂದಿನ ಹಂತದಲ್ಲಿ. ಸುಮಾರು ಎರಡೂವರೆ ತಿಂಗಳ ನಂತರ, ವಿಫಲವಾಗಿದ್ದ ಮೊದಲ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನೇ ಮತ್ತೊಂದು ಹೊಸ ಕೆಲಸಕ್ಕೆ ಹಾಕಿ, ಈ ಬಾರಿ ಪೂರ್ಣ ಭಾಗವಹಿಸುವಿಕೆಗೆ ಅವಕಾಶ ಕೊಡಲಾಯಿತು. ಅವರೂ ಶೀಘ್ರವಾಗಿ ಚೇತರಿಸಿಕೊಂಡರು. ಹೀಗಾಗಿ ಮೊದಲ ವೈಫಲ್ಯಕ್ಕೆ ಅವರ ಸ್ವಭಾವ ಕಾರಣವಲ್ಲ ಎಂದಾಯಿತು.

ಲೆವಿನ್‌ರ ಮಾದರಿ

ಹಾರ್ವುಡ್ ಸಂಶೋಧನೆಗಳಿಗೆ ಪ್ರೇರಕರಾಗಿದ್ದ ಮನೋವಿಜ್ಞಾನಿ ಕರ್ಟ್ ಲೆವಿನ್, ಬದಲಾವಣೆಯನ್ನು ಕರಗಿಸುವಿಕೆ, ಚಲನೆ, ಮರಳಿ ಗಟ್ಟಿಗೊಳಿಸುವಿಕೆ ಎಂಬ ಮೂರು ಹಂತಗಳಲ್ಲಿ 1947ರಲ್ಲಿ ವಿವರಿಸಿದರು. ಯಾವುದೇ ಸ್ಥಿತಿಯು ಮುಂದೂಡುವ ಮತ್ತು ತಡೆಯುವ ಬಲಗಳ ಸಮತೋಲನವೆಂಬುದು ಅವರ ಮತ. ಒತ್ತಡ ಹೇರಿ ಮುಂದೂಡಿದರೆ ಉದ್ವೇಗ ಹೆಚ್ಚುತ್ತದೆ; ತಡೆಯುವ ಬಲವನ್ನು ತಗ್ಗಿಸಿದರೆ ಅದೇ ಚಲನೆ ಶಾಂತವಾಗಿ ಆಗುತ್ತದೆ.

ಕರ್ನಾಟಕದ ಭೂಮಿ ಯೋಜನೆ

ಭಾಗವಹಿಸುವಿಕೆಯೊಂದೇ ಎಲ್ಲ ಕಡೆಯೂ ಸಾಲದು. ಕಾಟರ್ ಮತ್ತು ಶ್ಲೆಸಿಂಜರ್ ಪಟ್ಟಿಯಲ್ಲಿ ತಿಳಿವಳಿಕೆ, ಬೆಂಬಲ, ಸಂಧಾನಗಳ ಜೊತೆಗೆ ಬಲವಂತವೂ ಇದೆ. ಭಾರತದ ಬ್ಯಾಂಕುಗಳ ಗಣಕೀಕರಣ ಉದ್ಯೋಗನಷ್ಟದ ಭಯವನ್ನು ಎದುರಿಸಿ, 1983 ಮತ್ತು 1993ರಲ್ಲಿ ನೌಕರ ಸಂಘಗಳೊಡನೆ ಆದ ಒಪ್ಪಂದಗಳ ಮೂಲಕ ಮುಂದುವರಿಯಿತು. ಕರ್ನಾಟಕದ ಕಂದಾಯ ಇಲಾಖೆಯ ಭೂಮಿ ಯೋಜನೆಯ ಪರಿಸ್ಥಿತಿ ಬೇರೆಯದು.

ಪಹಣಿ ದಾಖಲೆಗಳು ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರ ವಶದಲ್ಲಿ ಇರುತ್ತಿದ್ದವು. ಸಾಲಕ್ಕೋ ನ್ಯಾಯಾಲಯಕ್ಕೋ ಪ್ರತಿ ಬೇಕಾದ ರೈತ ಅವರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಲಂಚದ ದೂರುಗಳೂ ಇದ್ದವು. ಗಣಕೀಕರಣದಿಂದ ಲೆಕ್ಕಿಗರು ಕಳೆದುಕೊಳ್ಳಬೇಕಿದ್ದದ್ದು ಆ ಹಿಡಿತವನ್ನೇ. ಅದನ್ನು ಚರ್ಚೆಯಿಂದ ಹಿಂತಿರುಗಿಸಿ ಕೊಡುವಂತಿರಲಿಲ್ಲ.

ಇಲಾಖೆ ಅವರ ಉದ್ಯೋಗವನ್ನು ಉಳಿಸಿತು, ಸ್ಥಳ ಪರಿಶೀಲನೆಯ ಹೊಣೆಯನ್ನೂ ಅವರಲ್ಲೇ ಇಟ್ಟಿತು. ಆದರೆ ತಾಲ್ಲೂಕು ಕೇಂದ್ರದಲ್ಲಿ ಗಣಕೀಕೃತ ಪಹಣಿಯ ವಿತರಣೆ ಆರಂಭವಾದ ಕೂಡಲೇ ಕೈಬರಹದ ಪ್ರತಿಯ ಮಾನ್ಯತೆಯನ್ನು ರದ್ದುಪಡಿಸಿತು. ಹಳೆಯ ದಾರಿಯನ್ನು ಮುಚ್ಚಿದ ಈ ತೀರ್ಮಾನವನ್ನೇ ಯೋಜನೆಯ ನಿರ್ಣಾಯಕ ಹೆಜ್ಜೆ ಎನ್ನಬಹುದು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ನಿಯಮ ಮತ್ತು ಸಿಬ್ಬಂದಿಯ ಬೆರಳಚ್ಚು ಪರಿಶೀಲನೆಯನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು. 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದ್ದವು. ಆಗ ಪ್ರತಿಯೊಂದಕ್ಕೆ ಶುಲ್ಕ 15 ರೂಪಾಯಿ ಇತ್ತು.

ಟೀಕೆಗಳು

ಹಾರ್ವುಡ್ ಫಲಿತಾಂಶ ಎಲ್ಲೆಡೆ ಮರುಕಳಿಸಿಲ್ಲ. ಫ್ರೆಂಚ್ ಮತ್ತು ಸಂಗಡಿಗರು ನಾರ್ವೆಯ ಪಾದರಕ್ಷೆ ಕಾರ್ಖಾನೆಯೊಂದರಲ್ಲಿ ನಡೆಸಿ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಭಾಗವಹಿಸುವಿಕೆಯಿಂದ ಉತ್ಪಾದನೆ ಹೆಚ್ಚಲಿಲ್ಲ. ಭೂಮಿ ಯೋಜನೆಯನ್ನು ಕುರಿತು ಸೊಲೊಮನ್ ಬೆಂಜಮಿನ್ ಮತ್ತಿತರರು 2007ರಲ್ಲಿ ಹೊರತಂದ ಅಧ್ಯಯನವು, ದಾಖಲೆಗಳ ಕೇಂದ್ರೀಕರಣದಿಂದ ಭ್ರಷ್ಟಾಚಾರ ಗ್ರಾಮದಿಂದ ಮೇಲಿನ ಹಂತಕ್ಕೆ ಸರಿಯಿತೆಂದೂ ಬೆಂಗಳೂರಿನ ಸುತ್ತ ದೊಡ್ಡ ಭೂವ್ಯವಹಾರಸ್ಥರಿಗೆ ಅನುಕೂಲವಾಯಿತೆಂದೂ ಆಕ್ಷೇಪಿಸಿತು.

ಪರಿಕಲ್ಪನೆಯ ಬಗೆಗೇ ತಕರಾರುಗಳಿವೆ. ಜನರು ಬದಲಾವಣೆಯನ್ನಲ್ಲ, ಸ್ಥಾನಮಾನ, ವರಮಾನ ಅಥವಾ ನೆಮ್ಮದಿಯ ನಷ್ಟವನ್ನು ವಿರೋಧಿಸುತ್ತಾರೆ. ಆದ್ದರಿಂದ ‘ಬದಲಾವಣೆಗೆ ಪ್ರತಿರೋಧ’ ಎಂಬ ಮಾತನ್ನೇ ಕೈಬಿಡಬೇಕೆಂದು ಎರಿಕ್ ಡೆಂಟ್ ಮತ್ತು ಸೂಸನ್ ಗೋಲ್ಡ್‌ಬರ್ಗ್ 1999ರಲ್ಲಿ ಬರೆದರು. ಬದಲಾವಣೆ ತರುವವರು ಕೊಟ್ಟ ಮಾತನ್ನು ಮುರಿದಾಗ ಹುಟ್ಟುವ ಅಸಮಾಧಾನವನ್ನೂ ನೌಕರರ ಪ್ರತಿರೋಧವೆಂದೇ ಲೆಕ್ಕ ಹಾಕುವ ರೂಢಿಯನ್ನು 2008ರಲ್ಲಿ ಜೆಫ್ರಿ ಫೋರ್ಡ್ ಮತ್ತು ಸಂಗಡಿಗರು ಪ್ರಶ್ನಿಸಿದರು.