ಎಪಿಡರ್ಮೊಲೈಸಿಸ್ ಬುಲ್ಲೋಸಾ: ಹಸುಗೂಸುಗಳ ಇಸುಬು ಮತ್ತು ಆರೈಕೆಯ ಚರಿತ್ರೆ

ಚರ್ಮ ತುಸು ಉಜ್ಜಿದರೂ ಗುಳ್ಳೆಯೆದ್ದು ಸುಲಿದುಬರುವ ಅನುವಂಶಿಕ ರೋಗಗಳ ಗುಂಪು ಎಪಿಡರ್ಮೊಲೈಸಿಸ್ ಬುಲ್ಲೋಸಾ (ಇ.ಬಿ.). ಇದರ ಜೊತೆಗೆ ಇಸುಬೂ ಬಂದ ಕೂಸಿನ ಪಾಡು ಕಠಿಣ. ಕೆರೆದುಕೊಂಡಲ್ಲೆಲ್ಲ ಹೊಸ ಗುಳ್ಳೆ ಏಳುತ್ತದೆ.

ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ 1870ರಲ್ಲಿ ರೋಗವನ್ನು ವರ್ಣಿಸಿದರು. ಈಗಿನ ಹೆಸರು 1886ರಲ್ಲಿ ಹೈನ್ರಿಶ್ ಕೋಬ್ನರ್ ಇಟ್ಟದ್ದು. ಬಹುಕಾಲ ವಿಂಗಡಣೆ ಕಣ್ಣಳತೆಯಲ್ಲೇ ನಡೆಯಿತು: ಗಾಯ ಮಾಯ್ದ ಮೇಲೆ ಕಲೆ ಉಳಿದರೆ ಒಂದು ಬಗೆ, ಉಳಿಯದಿದ್ದರೆ ಇನ್ನೊಂದು. ಚರ್ಮ ಯಾವ ಪದರದಲ್ಲಿ ಬಿಟ್ಟುಕೊಳ್ಳುತ್ತದೆಂದು 1962ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದವರು ರೋಜರ್ ಪಿಯರ್ಸನ್. 1991ರಲ್ಲಿ ಕೆರಾಟಿನ್ 14ರ, 1993ರಲ್ಲಿ ಏಳನೆಯ ಬಗೆಯ ಕೊಲಾಜೆನ್‌ನ ಜೀನ್ ದೋಷಗಳು ಪತ್ತೆಯಾದವು.

ರೋಗದ ಗುರುತು ಸಿಕ್ಕಷ್ಟು ಸುಲಭವಾಗಿ ಮದ್ದು ಸಿಗಲಿಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮೇಲೆ ಒಂದಷ್ಟು ಕಾಲ ಭರವಸೆಯಿತ್ತು. 1992ರ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನವಿಲ್ಲವೆಂದಾಯಿತು. ಇಸುಬಿನ ಚಿಕಿತ್ಸೆಯ ದಾರಿಯೇ ಬೇರೆ. ಹೈಡ್ರೊಕಾರ್ಟಿಸೋನ್ ಮುಲಾಮು ಕೆಲಸ ಮಾಡುತ್ತದೆಂದು ನ್ಯೂಯಾರ್ಕಿನ ಮೇರಿಯನ್ ಸಲ್ಜ್‌ಬರ್ಗರ್ 1952ರಲ್ಲೇ ತೋರಿಸಿದ್ದರು. ಇಸುಬಿಗೆ ಎಡೆಮಾಡುವ ಫಿಲಾಗ್ರಿನ್ ಜೀನ್ ದೋಷವನ್ನು 2006ರಲ್ಲಿ ಕಂಡುಹಿಡಿದ ತಂಡದ ಅರ್ವಿನ್ ಮೆಕ್ಲೀನ್, ಇ.ಬಿ. ಜೀನ್‌ಗಳ ಶೋಧದಲ್ಲೂ ದುಡಿದವರು.

ಆದರೆ ಇಸುಬಿನ ರೂಢಿಯ ಆರೈಕೆಯನ್ನು ಈ ಕೂಸುಗಳಿಗೆ ಹಾಗೇ ಮಾಡುವಂತಿಲ್ಲ. ಮುಲಾಮನ್ನು ತಿಕ್ಕಬಾರದು; ಮೆತ್ತನೆಯ ಬಟ್ಟೆಗೆ ಸವರಿ ಮೇಲಿಡಬೇಕು. ಸುಲಿದ ಚರ್ಮದ ಮೂಲಕ ಸ್ಟೀರಾಯ್ಡ್ ಹೆಚ್ಚಾಗಿ ಮೈಗೆ ಸೇರುವುದರಿಂದ ಸೌಮ್ಯವಾದದ್ದನ್ನೇ, ಇಸುಬಿರುವ ಕಡೆಗಷ್ಟೇ, ವೈದ್ಯರು ಹೇಳಿದಷ್ಟು ದಿನ ಹಚ್ಚುವುದು. ಅಂಟುವ ಪ್ಲಾಸ್ಟರ್ ಕೂಡದು, ಅದನ್ನು ಕೀಳುವಾಗ ಚರ್ಮವೇ ಕಿತ್ತುಬರುತ್ತದೆ. ಗುಳ್ಳೆಯನ್ನು ಶುದ್ಧ ಸೂಜಿಯಿಂದ ಚುಚ್ಚಿ ನೀರು ಇಳಿಸಿ, ಮೇಲಿನ ಸಿಪ್ಪೆಯನ್ನು ಹಾಗೇ ಬಿಡುತ್ತಾರೆ. ಅಂಗಿಯ ಹೊಲಿಗೆ ಹೊರಬದಿಗಿರಬೇಕು, ಕೈಗೆ ಗವಸು ಬೇಕು. ಕೂಸನ್ನು ಕಂಕುಳಲ್ಲಿ ಹಿಡಿದೆತ್ತದೆ ಕತ್ತು ಮತ್ತು ಕುಂಡೆಯ ಕೆಳಗೆ ಕೈಕೊಟ್ಟು ಎತ್ತಬೇಕು.

ಇಂಥ ತಿಳಿವಳಿಕೆ ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ತಾಯಂದಿರ, ದಾದಿಯರ ಕೈಯಲ್ಲಿ ಬೆಳೆದದ್ದು. ಬ್ರಿಟನ್ನಿನ ಫಿಲಿಸ್ ಹಿಲ್ಟನ್ 1978ರಲ್ಲಿ, ರೋಗಪೀಡಿತ ಮಗಳ ಹೆಸರಲ್ಲೇ, ಡೆಬ್ರಾ ಸಂಸ್ಥೆಯನ್ನು ಕಟ್ಟಿದರು.

ತುರಿಕೆಯೇ ಮುಖ್ಯವಾದ ಒಂದು ಇ.ಬಿ. ಬಗೆಯನ್ನು 1994ರಲ್ಲಿ ಪ್ರತ್ಯೇಕವಾಗಿ ಗುರುತಿಸಲಾಯಿತು. ಅದನ್ನು ಬೇರೆ ಚರ್ಮರೋಗವೆಂದು ತಪ್ಪಾಗಿ ತಿಳಿಯುವುದುಂಟು. ಏಳನೆಯ ಕೊಲಾಜೆನ್‌ನ ಜೀನನ್ನು ಗಾಯಕ್ಕೆ ತಲುಪಿಸುವ ಜೆಲ್‌ಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಗಾಯಕ್ಕೆ ಮದ್ದೇ ಹೊರತು ಇಸುಬಿಗಲ್ಲ. ಆರು ತಿಂಗಳು ದಾಟಿದ ಮಕ್ಕಳ ತೀವ್ರ ಇಸುಬಿಗೆ ಅಲ್ಲಿ 2022ರಲ್ಲಿ ಒಪ್ಪಿಗೆ ಪಡೆದ ಡುಪಿಲುಮ್ಯಾಬ್ ಚುಚ್ಚುಮದ್ದನ್ನು ಇ.ಬಿ. ತುರಿಕೆಗೂ ಕೆಲವು ವೈದ್ಯರು ಕೊಟ್ಟು ನೋಡುತ್ತಿದ್ದಾರೆ.